ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ: ಗುಣಮಟ್ಟ ಅಳೆಯುವುದು ಹೇಗೆ, ಸರಿಪಡಿಸುವುದು ಹೇಗೆ

ಸರ್ಕಾರಿ ಆಸ್ಪತ್ರೆಯ ಪರಿಚಯ ಬಹುತೇಕ ಜನರಿಗೆ ಆಗುವುದು ಹೊರರೋಗಿ ವಿಭಾಗದಲ್ಲಿಯೇ. ಬೆಳಿಗ್ಗೆ ಬಂದು ಚೀಟಿ ಮಾಡಿಸಿ, ವೈದ್ಯರಿಗೆ ತೋರಿಸಿ, ಮಾತ್ರೆ ಪಡೆದು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹಿಂದಿರುಗುವವರ ಸಂಖ್ಯೆ ವಾರ್ಡುಗಳಲ್ಲಿ ದಾಖಲಾಗುವವರಿಗಿಂತ ಎಷ್ಟೋ ಪಾಲು ದೊಡ್ಡದು. ಆದರೂ ಗುಣಮಟ್ಟದ ಕೆಲಸ ಆರಂಭವಾದಾಗ ಆಸ್ಪತ್ರೆಯ ಗಮನ ಮೊದಲು ಹೆರಿಗೆ ಕೊಠಡಿ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಗಳತ್ತ ಹೋಗುತ್ತದೆ. ಜೀವ ಉಳಿಸುವ ಜಾಗಗಳಾದ್ದರಿಂದ ಅದು ಸಹಜವೂ ಹೌದು. ಹೊರರೋಗಿ ವಿಭಾಗದ ಪಾಲಿಗೆ ಮಾತ್ರ ಸುಣ್ಣಬಣ್ಣ, ಒಂದೆರಡು ಫಲಕ ಮತ್ತು ಬೀಗ ಹಾಕಿದ ಸಲಹಾ ಪೆಟ್ಟಿಗೆ ಉಳಿಯುತ್ತವೆ.

ಈ ಮಾರ್ಗದರ್ಶಿಯನ್ನು ತಾಲ್ಲೂಕು ಆಸ್ಪತ್ರೆಗಳ ಆಡಳಿತ ವೈದ್ಯಾಧಿಕಾರಿಗಳು, ಶುಶ್ರೂಷಾಧಿಕಾರಿಗಳು, ಗುಣಮಟ್ಟ ತಂಡದ ಸದಸ್ಯರು ಹಾಗೂ ಆರೋಗ್ಯ ರಕ್ಷಾ ಸಮಿತಿಯಲ್ಲಿರುವ ಊರಿನ ಪ್ರತಿನಿಧಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದವರೂ ಇದನ್ನು ಚಿಕ್ಕ ಪ್ರಮಾಣದಲ್ಲಿ ಬಳಸಬಹುದು. ನಾನು ಒತ್ತಿ ಹೇಳಬಯಸುವುದು ಇಷ್ಟು: ರೋಗಿಗೆ ತೃಪ್ತಿಯಾಯಿತೇ ಎಂದು ಕೇಳುವ ಮೊದಲು, ಅವರು ಎಲ್ಲಿ ಎಷ್ಟು ಹೊತ್ತು ನಿಂತರು, ಯಾವ ಔಷಧ ಸಿಗದೆ ಹೋದರು, ತಮ್ಮ ಕಾಯಿಲೆಯ ಬಗ್ಗೆ ಏನು ತಿಳಿದುಕೊಂಡು ಹೊರಟರು ಎಂಬುದನ್ನು ಆಸ್ಪತ್ರೆಯೇ ಅಳೆಯಬೇಕು. ಹಾಗೆ ಅಳೆಯದೆ ತುಂಬಿಸಿದ ತೃಪ್ತಿಯ ನಮೂನೆಗಳು ಯಾವ ತೊಂದರೆಯನ್ನೂ ತೋರಿಸಿಕೊಡುವುದಿಲ್ಲ.

ಹಂತ 1: ಮಾನದಂಡವನ್ನು ಓದಿ, ನೀವೇ ಅಂಕ ಹಾಕಿ

ಸರ್ಕಾರಿ ಆಸ್ಪತ್ರೆಗಳಿಗೆ ಅನ್ವಯಿಸುವ ಎರಡು ದಾಖಲೆಗಳನ್ನು ಬೇರೆ ಬೇರೆಯಾಗಿ ಅರ್ಥಮಾಡಿಕೊಳ್ಳಬೇಕು. 2007ರಲ್ಲಿ ಬಂದು 2012 ಮತ್ತು 2022ರಲ್ಲಿ ಪರಿಷ್ಕೃತಗೊಂಡ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ಯಾವ ಹಂತದ ಆಸ್ಪತ್ರೆಯಲ್ಲಿ ಯಾವ ಸೇವೆ, ಎಷ್ಟು ಸಿಬ್ಬಂದಿ, ಯಾವ ಉಪಕರಣ ಇರಬೇಕೆಂದು ಹೇಳುತ್ತವೆ. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು, ಅಂದರೆ ಸಿಬ್ಬಂದಿಯ ಬಾಯಲ್ಲಿ ‘ಎನ್‌ಕ್ವಾಸ್’, ಇರುವುದು ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುತ್ತವೆ. ಎನ್‌ಕ್ವಾಸ್ ಎಂಟು ವಿಷಯಗಳಾಗಿ ಹಂಚಿಕೊಂಡಿದೆ: ಸೇವೆಗಳ ಲಭ್ಯತೆ, ರೋಗಿಗಳ ಹಕ್ಕು, ಸಂಪನ್ಮೂಲ, ಪೂರಕ ಸೇವೆ, ವೈದ್ಯಕೀಯ ಆರೈಕೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ ಮತ್ತು ಫಲಿತಾಂಶ. ಪ್ರತಿ ವಿಭಾಗಕ್ಕೂ ಪ್ರತ್ಯೇಕ ಪರಿಶೀಲನಾ ಪಟ್ಟಿ ಇದ್ದು, ಪ್ರತಿಯೊಂದು ಅಂಶಕ್ಕೆ 0, 1 ಅಥವಾ 2 ಅಂಕ ಕೊಡಲಾಗುತ್ತದೆ. ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ವಿಚಾರಿಸುವುದು, ದಾಖಲೆ ತಿರುವಿ ನೋಡುವುದು, ರೋಗಿಯನ್ನು ಮಾತನಾಡಿಸುವುದು, ಈ ನಾಲ್ಕು ದಾರಿಗಳಲ್ಲಿ ಮಾಹಿತಿ ಪಡೆಯಬೇಕು. ರಾಷ್ಟ್ರಮಟ್ಟದ ಪ್ರಮಾಣಪತ್ರ ಪಡೆಯಲು ಒಟ್ಟಾರೆ ಕನಿಷ್ಠ ಶೇ 70 ಅಂಕ ಬೇಕು. ಪ್ರಮಾಣಪತ್ರದ ಅವಧಿ 3 ವರ್ಷ.

ಹೊರರೋಗಿ ವಿಭಾಗದ ಪಟ್ಟಿಯೊಂದನ್ನೇ ತೆಗೆದುಕೊಂಡು ಇಬ್ಬರು ಕುಳಿತು ಅಂಕ ಹಾಕಿ. ಒಬ್ಬರು ಆ ವಿಭಾಗದವರಾಗಿರಲಿ, ಇನ್ನೊಬ್ಬರು ಬೇರೆ ವಿಭಾಗದವರಾಗಿರಲಿ. ಸೊನ್ನೆ ಹಾಕಲು ಹಿಂಜರಿಯಬೇಡಿ. ಮಹಿಳೆಯರ ಶೌಚಾಲಯ ಕಟ್ಟಿಸಿದ್ದೂ ಬೀಗದ ಕೈ ಯಾರ ಬಳಿ ಇದೆಯೆಂದು ಯಾರಿಗೂ ಗೊತ್ತಿಲ್ಲದಿದ್ದರೆ ಅದಕ್ಕೆ 1 ಅಂಕ ಕೊಡುವುದು ನ್ಯಾಯವಲ್ಲ, ಏಕೆಂದರೆ ಅದರ ಉಪಯೋಗ ಒಬ್ಬ ರೋಗಿಗೂ ಆಗುತ್ತಿಲ್ಲ. ಹೊರಗಿನ ಮೌಲ್ಯಮಾಪಕರು ಬರುವ ಮುನ್ನ ನಾವೇ ಕಡಿಮೆ ಅಂಕ ಹಾಕಿಕೊಂಡರೆ ಮಾಡಬೇಕಾದ ಕೆಲಸದ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಹಂತ 2: ರೋಗಿಯ ದಾರಿಯಲ್ಲಿ ನಡೆಯಿರಿ

ಅಂಕ ಹಾಕುವುದಷ್ಟೇ ಸಾಲದು. ಬೆಳಿಗ್ಗೆ ಜನ ಸೇರುವ ಹೊತ್ತಿನಲ್ಲಿ ಮುಖ್ಯದ್ವಾರದಿಂದ ಹೊರಟು, ರೋಗಿ ಹೋಗುವ ದಾರಿಯಲ್ಲಿಯೇ ಔಷಧ ವಿತರಣಾ ಕಿಟಕಿಯವರೆಗೆ ನಡೆಯಿರಿ. ಸಿಬ್ಬಂದಿ ಬಳಸುವ ಹಿಂದಿನ ಬಾಗಿಲನ್ನು ಬಳಸಬೇಡಿ. ಸಾಧ್ಯವಾದರೆ ಓದು ಬಾರದ ಹಿರಿಯರೊಬ್ಬರನ್ನು ಅವರ ಒಪ್ಪಿಗೆ ಪಡೆದು ಹಿಂಬಾಲಿಸಿ. ಅವರು ಎಲ್ಲಿ ನಿಂತು ಸುತ್ತ ನೋಡುತ್ತಾರೆ, ಯಾರನ್ನು ಕೇಳುತ್ತಾರೆ, ಎಷ್ಟು ಸಲ ತಪ್ಪು ಸಾಲಿನಲ್ಲಿ ನಿಲ್ಲುತ್ತಾರೆ ಎಂಬುದನ್ನು ಬರೆದುಕೊಳ್ಳಿ. ‘ಕೊಠಡಿ ಸಂಖ್ಯೆ 14’ ಎಂದು ಚೀಟಿಯ ಮೇಲೆ ಬರೆದುಕೊಟ್ಟರೆ ಅವರಿಗೆ ಏನೂ ತಿಳಿಯುವುದಿಲ್ಲ. ಪ್ರಯೋಗಾಲಯಕ್ಕೆ ಒಂದು ಬಣ್ಣ, ಔಷಧಕ್ಕೆ ಒಂದು ಬಣ್ಣ, ಕ್ಷ-ಕಿರಣಕ್ಕೆ ಒಂದು ಬಣ್ಣ ಎಂದು ನೆಲದ ಮೇಲೆ ಪಟ್ಟಿ ಎಳೆದು, ಚೀಟಿ ಕೊಡುವವರು ‘ಹಸಿರು ಪಟ್ಟಿ ಹಿಡಿದು ಹೋಗಿ ಅಜ್ಜಿ’ ಎಂದರೆ ಅದು ತಲುಪುತ್ತದೆ. ಫಲಕಗಳಲ್ಲಿ ಕನ್ನಡ ಮೊದಲು ಇರಲಿ. ಬೆಳಗಾವಿ, ಬಳ್ಳಾರಿ, ಕೋಲಾರದಂತಹ ಗಡಿ ಜಿಲ್ಲೆಗಳಲ್ಲಿ ಮರಾಠಿ ಅಥವಾ ತೆಲುಗು ಮಾತ್ರ ಬಲ್ಲವರೂ ಬರುವುದರಿಂದ ಆ ಭಾಷೆ ಆಡಬಲ್ಲ ಸಿಬ್ಬಂದಿಯನ್ನು ಸಹಾಯ ಕೇಂದ್ರದಲ್ಲಿ ಕೂರಿಸುವುದು ಉಪಯುಕ್ತ.

ಈ ನಡಿಗೆಯಲ್ಲಿ ತಪ್ಪದೆ ನೋಡಬೇಕಾದದ್ದು ವೈದ್ಯರ ಕೊಠಡಿಯೊಳಗಿನ ಗೌಪ್ಯತೆ. ಒಬ್ಬ ಹೆಣ್ಣುಮಗಳು ತನ್ನ ಬಿಳಿಮುಟ್ಟಿನ ತೊಂದರೆಯನ್ನು ಹೇಳಿಕೊಳ್ಳುವಾಗ ಮೇಜಿನ ಸುತ್ತ ಇನ್ನೂ ಐದು ಜನ ಚೀಟಿ ಚಾಚಿ ನಿಂತಿದ್ದರೆ, ಆಕೆ ಅರ್ಧ ಮಾತ್ರ ಹೇಳುತ್ತಾಳೆ, ವೈದ್ಯರು ಆ ಅರ್ಧಕ್ಕೆ ಮಾತ್ರ ಔಷಧ ಬರೆಯುತ್ತಾರೆ. ಆದ್ದರಿಂದ ಗೌಪ್ಯತೆಯನ್ನು ಸೌಜನ್ಯದ ವಿಷಯವೆಂದಷ್ಟೇ ಭಾವಿಸದೆ ಚಿಕಿತ್ಸೆಯ ಭಾಗವೆಂದೇ ಪರಿಗಣಿಸಬೇಕು. ಪರೀಕ್ಷಾ ಮಂಚಕ್ಕೆ ಪರದೆ, ಬಾಗಿಲಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುವ ಸಿಬ್ಬಂದಿ, ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಜೊತೆಯಲ್ಲಿ ಮಹಿಳಾ ಸಿಬ್ಬಂದಿ, ಇವು ಮೂರೂ ಖರ್ಚಿಲ್ಲದೆ ಅಥವಾ ಅಲ್ಪ ಖರ್ಚಿನಲ್ಲಿ ಆಗುವಂಥವು.

ಹಂತ 3: ಕಾಯುವ ಸಮಯವನ್ನು ಚೀಟಿಯಿಂದಲೇ ಅಳೆಯಿರಿ

ಈ ಹಂತಕ್ಕೆ ಹೆಚ್ಚು ಶ್ರಮ ಹಾಕಿ, ಏಕೆಂದರೆ ಉಳಿದ ಸುಧಾರಣೆಗಳೆಲ್ಲ ಇದರ ಮೇಲೆ ನಿಲ್ಲುತ್ತವೆ. ಅಂಗೈಯಗಲದ ಕಾಗದದಲ್ಲಿ ಐದು ಸಾಲು ಮುದ್ರಿಸಿ: ಸಾಲಿಗೆ ಬಂದ ಸಮಯ, ಚೀಟಿ ಸಿಕ್ಕ ಸಮಯ, ವೈದ್ಯರ ಕೊಠಡಿಗೆ ಹೋದ ಸಮಯ, ಅಲ್ಲಿಂದ ಹೊರಬಂದ ಸಮಯ, ಔಷಧ ಕೈಗೆ ಬಂದ ಸಮಯ. ಪ್ರಯೋಗಾಲಯಕ್ಕೆ ಹೋದವರಿಗೆ ಇನ್ನೆರಡು ಸಾಲು ಸೇರಿಸಬಹುದು. ಮೊದಲ ಸಾಲು ಬಹಳ ಮುಖ್ಯ. ಗಣಕಯಂತ್ರದಲ್ಲಿ ದಾಖಲಾಗುವುದು ಚೀಟಿ ಸಿಕ್ಕ ಸಮಯ ಮಾತ್ರ. ಅದಕ್ಕೂ ಮೊದಲು ಕಿಟಕಿಯ ಮುಂದೆ ಕಳೆದ ಮುಕ್ಕಾಲು ಗಂಟೆ ಆಸ್ಪತ್ರೆಯ ಯಾವ ಲೆಕ್ಕದಲ್ಲಿಯೂ ಇರುವುದಿಲ್ಲ. ಹೀಗಾಗಿ ಶುಶ್ರೂಷಾ ಶಾಲೆಯ ವಿದ್ಯಾರ್ಥಿಯನ್ನೋ ಸ್ವಯಂಸೇವಕರನ್ನೋ ಬಾಗಿಲಲ್ಲಿಯೇ ನಿಲ್ಲಿಸಿ, ಸಾಲಿಗೆ ಸೇರುವ ಪ್ರತಿ ಐದನೆಯ ವ್ಯಕ್ತಿಗೆ ಸಮಯ ಬರೆದು ಕಾಗದ ಕೊಡಿಸಿ, ಔಷಧದ ಕಿಟಕಿಯಲ್ಲಿ ಅದನ್ನು ಹಿಂದಕ್ಕೆ ಪಡೆಯಿರಿ.

ಒಂದು ಸಾಮಾನ್ಯ ದಿನ ಮತ್ತು ಒಂದು ಸಂತೆಯ ದಿನವನ್ನು ಆರಿಸಿಕೊಳ್ಳಿ. ತಾಲ್ಲೂಕು ಕೇಂದ್ರಗಳಲ್ಲಿ ಸಂತೆಗೆ ಬಂದವರು ಆಸ್ಪತ್ರೆಯ ಕೆಲಸವನ್ನೂ ಮುಗಿಸಿಕೊಂಡು ಹೋಗುವುದರಿಂದ ಆ ದಿನದ ಚಿತ್ರವೇ ಬೇರೆಯಾಗಿರುತ್ತದೆ. ದಿನಕ್ಕೆ 50 ಕಾಗದ ಸಿಕ್ಕರೆ ಸಾಕು. ಸರಾಸರಿಯನ್ನು ನಂಬಿ ಕೂರಬೇಡಿ. ಬೇಗ ಮುಗಿಸಿಕೊಂಡು ಹೋದ ಹಲವರು ಮೂರು ಗಂಟೆ ಕಾದ ಕೆಲವರನ್ನು ಅದರೊಳಗೆ ಮರೆಮಾಡುತ್ತಾರೆ. ಒಟ್ಟು ಸಮಯವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, 25 ಮತ್ತು 26ನೆಯ ಕಾಗದಗಳ ನಡುವಿನ ಬೆಲೆಯನ್ನು ಮಧ್ಯಾಂಕವಾಗಿಯೂ, 45ನೆಯ ಕಾಗದದ ಸಮಯವನ್ನು ‘ಹತ್ತರಲ್ಲಿ ಒಂಬತ್ತು ಜನ ಇಷ್ಟರೊಳಗೆ ಹೊರಟರು’ ಎಂದೂ ಬರೆಯಿರಿ. ಬಳಿಕ ಕಾಗದದ ಯಾವ ಎರಡು ಸಾಲುಗಳ ನಡುವೆ ಹೆಚ್ಚು ಹೊತ್ತು ಹೋಗಿದೆ ಎಂದು ನೋಡಿ. ಈ ಅಳತೆ ವ್ಯವಸ್ಥೆಯದೇ ಹೊರತು ವ್ಯಕ್ತಿಗಳದ್ದಲ್ಲ ಎಂದು ಸಿಬ್ಬಂದಿಗೆ ಮೊದಲೇ ತಿಳಿಸಿ, ಹಾಗೆಯೇ ನಡೆದುಕೊಳ್ಳಿ.

ವೈದ್ಯರ ಕೊಠಡಿಯಲ್ಲಿ ಕಳೆದ ಸಮಯ ಕಡಿಮೆ ಇದ್ದರೆ ವೈದ್ಯರನ್ನು ದೂರುವ ಮೊದಲು ಲೆಕ್ಕ ಮಾಡಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ 300 ಜನ ಬರುತ್ತಾರೆ, ಇಬ್ಬರು ವೈದ್ಯರಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರ ಪಾಲಿಗೆ 150 ಜನ, 240 ನಿಮಿಷ. ಅಂದರೆ ಒಬ್ಬ ರೋಗಿಗೆ 96 ಸೆಕೆಂಡು, ಅದೂ ವೈದ್ಯರು ಒಮ್ಮೆಯೂ ಎದ್ದು ಹೋಗದಿದ್ದರೆ. 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪ್ರಾಥಮಿಕ ಆರೈಕೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಬಾಂಗ್ಲಾದೇಶದ 48 ಸೆಕೆಂಡಿನಿಂದ ಸ್ವೀಡನ್ನಿನ 22.5 ನಿಮಿಷದವರೆಗೆ ಹರಡಿಕೊಂಡಿದೆ. 96 ಸೆಕೆಂಡಿನಲ್ಲಿ ನಗುಮುಖದಿಂದ ಮಾತನಾಡಿ ಎಂದು ಗೋಡೆಗೆ ಬರಹ ಅಂಟಿಸಿದರೆ ಏನೂ ಬದಲಾಗದು. ಆ 300 ಜನರಲ್ಲಿ ವೈದ್ಯರನ್ನು ಅಂದೇ, ಆ ಹೊತ್ತಿನಲ್ಲಿಯೇ ಕಾಣಬೇಕಾದವರು ಯಾರು ಎಂದು ವಿಂಗಡಿಸಬೇಕು.

ಹಂತ 4: ಸಾಲನ್ನು ಬಿಡಿಸಿ

ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಾಗಿ ತಿಂಗಳಿಗೊಮ್ಮೆ ಬರುವವರು ಹೊರರೋಗಿಗಳಲ್ಲಿ ದೊಡ್ಡ ಗುಂಪು. ಅವರ ಅಳತೆಗಳನ್ನು ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ ಶುಶ್ರೂಷಾಧಿಕಾರಿಯೇ ನೋಡಿ, ಹತೋಟಿ ತಪ್ಪಿದವರನ್ನು ವೈದ್ಯರ ಬಳಿಗೆ ಮೊದಲು ಕಳುಹಿಸಿ, ಉಳಿದವರಿಗೆ ಮಧ್ಯಾಹ್ನದ ನಂತರದ ಸಮಯವನ್ನೋ ನಿಗದಿತ ವಾರವನ್ನೋ ಕೊಟ್ಟರೆ ಬೆಳಗಿನ ಒತ್ತಡ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 90 ಜನ ಹೀಗೆ ಬೇರೆಯಾದರೆ ಉಳಿದ 210 ಜನರಲ್ಲಿ ಪ್ರತಿಯೊಬ್ಬರಿಗೂ 2 ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಸಿಗುತ್ತದೆ. ಇದೂ ಕಡಿಮೆಯೇ, ಆದರೆ ಹೊಸ ವೈದ್ಯರ ನೇಮಕವಿಲ್ಲದೆ ದೊರೆತ ಸಮಯವಿದು. ನಿಗದಿತ ವಾರವನ್ನು ಗೊತ್ತುಮಾಡುವಾಗ ಆಯಾ ಹೋಬಳಿಯ ಬಸ್ಸಿನ ವೇಳೆಯನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ತಿಳಿದುಕೊಳ್ಳಿ, ಇಲ್ಲವಾದರೆ ಜನ ಹಳೆಯ ಸಮಯಕ್ಕೇ ಬರುತ್ತಾರೆ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇನ್ನೊಂದು ತೊಂದರೆ ಎಲ್ಲ ಕಡೆಯೂ ಕಾಣಸಿಗುತ್ತದೆ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆಂದು ಬೆಳಿಗ್ಗೆ ಏನೂ ತಿನ್ನದೆ ಹೊರಟವರು ಮೊದಲು ಚೀಟಿಯ ಸಾಲಿನಲ್ಲಿ, ಆಮೇಲೆ ಪರೀಕ್ಷೆ ಬರೆಸಿಕೊಳ್ಳಲು ವೈದ್ಯರ ಸಾಲಿನಲ್ಲಿ, ಆಮೇಲೆ ಪ್ರಯೋಗಾಲಯದ ಸಾಲಿನಲ್ಲಿ ನಿಂತು, ರಕ್ತ ಕೊಡುವ ಹೊತ್ತಿಗೆ 11 ಗಂಟೆಯಾಗಿರುತ್ತದೆ. ತಿಂಡಿ ತಿಂದು ಎರಡು ಗಂಟೆಯ ಬಳಿಕ ಮತ್ತೆ ರಕ್ತ ಕೊಟ್ಟು, ವರದಿ ಬಂದಾಗ ವೈದ್ಯರು ಊಟಕ್ಕೆ ಎದ್ದಿರುತ್ತಾರೆ. ಹಿಂದಿನ ತಿಂಗಳು ಬಂದಾಗಲೇ ಮುಂದಿನ ಪರೀಕ್ಷೆಯನ್ನು ಪುಸ್ತಕದಲ್ಲಿ ಬರೆದುಕೊಟ್ಟು, ಅವರು ನೇರವಾಗಿ ಪ್ರಯೋಗಾಲಯಕ್ಕೆ ಹೋಗುವಂತೆ ಮಾಡಿದರೆ ಎರಡು ಸಾಲುಗಳು ತಪ್ಪುತ್ತವೆ. ಈ ಒಂದು ಬದಲಾವಣೆಯಿಂದ ವಯಸ್ಸಾದವರಿಗೆ ಸಿಗುವ ನೆಮ್ಮದಿಯನ್ನು ಹೊಸ ಕುರ್ಚಿಗಳಾಗಲೀ ದೂರದರ್ಶನ ಪರದೆಯಾಗಲೀ ಕೊಡಲಾರವು.

ಉಸಿರಾಟದ ತೊಂದರೆಯವರು, ಎದೆನೋವಿನವರು, ತೀವ್ರ ಜ್ವರದ ಮಕ್ಕಳು, ಗರ್ಭಿಣಿಯರು ಸಾಲಿನಲ್ಲಿ ನಿಲ್ಲದಂತೆ ನೋಡಿಕೊಳ್ಳಲು ಚೀಟಿಯ ಕಿಟಕಿಯ ಹೊರಗೆ ಒಬ್ಬ ಶುಶ್ರೂಷಾಧಿಕಾರಿ ಇರಬೇಕು; ಕಿಟಕಿಯ ಒಳಗೆ ಕುಳಿತವರಿಗೆ ಸಾಲಿನ ಹಿಂದೆ ಕುಸಿದು ಕುಳಿತವರು ಕಾಣುವುದಿಲ್ಲ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ 2022ರಿಂದ ಬಂದಿರುವ ‘ಸ್ಕ್ಯಾನ್ ಅಂಡ್ ಶೇರ್’ ಸೌಲಭ್ಯದಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯಬಹುದು. ಇದನ್ನು ಬಳಸಿ, ಆದರೆ ಸ್ಮಾರ್ಟ್‌ಫೋನ್ ಇಲ್ಲದವರ ಕಿಟಕಿಯನ್ನು ಮುಚ್ಚಿ ಅಥವಾ ಕಡಿಮೆ ಮಾಡಿ ಇದನ್ನು ಆರಂಭಿಸಬೇಡಿ.

ಹಂತ 5: ಔಷಧದ ಕಿಟಕಿಯಲ್ಲಿ ಐದು ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಔಷಧ ಬಳಕೆಯ ಸೂಚಕಗಳು ಹಳೆಯವಾದರೂ ಹೊರರೋಗಿ ವಿಭಾಗಕ್ಕೆ ಇಂದಿಗೂ ಹೊಂದುತ್ತವೆ. ವೈದ್ಯರು ಕೊಟ್ಟ ಸಮಯ, ಔಷಧ ಕೊಡುವಾಗ ಕಳೆದ ಸಮಯ, ಬರೆದ ಔಷಧಗಳಲ್ಲಿ ಎಷ್ಟು ಪಾಲು ಸಿಕ್ಕಿತು, ಪೊಟ್ಟಣದ ಮೇಲೆ ಸರಿಯಾದ ಬರಹ ಇದೆಯೇ, ರೋಗಿಗೆ ಸೇವಿಸುವ ಕ್ರಮ ಗೊತ್ತಾಗಿದೆಯೇ ಎಂಬ ಐದನ್ನು ಅದು ರೋಗಿಯ ಆರೈಕೆಯ ಸೂಚಕಗಳೆಂದು ಹೇಳಿತು. ಇವುಗಳಲ್ಲಿ ಕೊನೆಯದನ್ನು ಅಳೆಯುವುದು ಸುಲಭ. ಹೊರಗೆ ಹೋಗುತ್ತಿರುವ ವ್ಯಕ್ತಿಯನ್ನು ಕೂರಿಸಿ, ‘ಇದನ್ನು ಯಾವಾಗ, ಎಷ್ಟು ತಗೋತೀರಿ?’ ಎಂದು ಒಂದೊಂದೇ ಮಾತ್ರೆಯನ್ನು ತೋರಿಸಿ ಕೇಳಿ. ಎರಡು ಬಗೆಯ ಬಿಳಿ ಮಾತ್ರೆಗಳು ಒಂದೇ ಕಾಗದದ ಲಕೋಟೆಯಲ್ಲಿದ್ದರೆ, ಸಕ್ಕರೆಯದು ಯಾವುದು, ಬಿ.ಪಿ.ಯದು ಯಾವುದು ಎಂದು ಅವರು ಹೇಳಲಾರರು. ಲಕೋಟೆಯ ಮೇಲೆ ಸೂರ್ಯ, ನೆತ್ತಿಯ ಮೇಲಿನ ಸೂರ್ಯ, ಚಂದ್ರನ ಗುರುತುಗಳನ್ನು ಮುದ್ರಿಸಿ, ಬೇಕಾದದ್ದಕ್ಕೆ ಗೆರೆ ಹಾಕಿ ಕೊಡುವ ಪದ್ಧತಿ ಓದು ಬಾರದವರಿಗೆ ನಿಜವಾದ ಸಹಾಯ. ಮಾತ್ರೆ ಕೊಟ್ಟವರು ಅವರ ಬಾಯಿಂದಲೇ ಒಮ್ಮೆ ಹೇಳಿಸಿದರೆ ಇನ್ನೂ ಒಳ್ಳೆಯದು.

‘ಹೊರಗೆ ಬರೆದುಕೊಟ್ಟರು’ ಎಂಬುದು ಸರ್ಕಾರಿ ಆಸ್ಪತ್ರೆಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹಳ ಗಂಭೀರವಾದದ್ದು, ಏಕೆಂದರೆ ಆ ಚೀಟಿ ಬಡ ಕುಟುಂಬದ ದಿನಗೂಲಿಯನ್ನೇ ನುಂಗುತ್ತದೆ. ತಿಂಗಳಿಗೊಮ್ಮೆ ಹೊರರೋಗಿ ಚೀಟಿಗಳ ಮಾದರಿಯನ್ನು ತೆಗೆದು, ಔಷಧದ ಹೆಸರನ್ನು ಜೆನೆರಿಕ್ ಆಗಿ (ಕಂಪನಿಯ ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರಿನಲ್ಲಿ), ಓದಲು ಬರುವಂತೆ ಬರೆಯಲಾಗಿದೆಯೇ, ಅಗತ್ಯ ಔಷಧಗಳ ಪಟ್ಟಿಯಲ್ಲಿದೆಯೇ, ಆ್ಯಂಟಿಬಯೊಟಿಕ್ ಅಥವಾ ಚುಚ್ಚುಮದ್ದು ನಿಜಕ್ಕೂ ಬೇಕಿತ್ತೇ ಎಂದು ವೈದ್ಯರೇ ಸೇರಿ ಪರಿಶೀಲಿಸಬೇಕು. ಸಿಗದೆ ಹೋದ ಔಷಧಗಳನ್ನು ಎರಡಾಗಿ ವಿಂಗಡಿಸಿ: ಪಟ್ಟಿಯಲ್ಲಿದ್ದೂ ದಾಸ್ತಾನಿಲ್ಲದವು, ಪಟ್ಟಿಯಲ್ಲಿಯೇ ಇಲ್ಲದವು. ಮೊದಲನೆಯದು ಬೇಡಿಕೆ ಸಲ್ಲಿಕೆ ಮತ್ತು ಪೂರೈಕೆಯ ತೊಂದರೆ, ಎರಡನೆಯದು ಬರೆಯುವ ಅಭ್ಯಾಸದ ತೊಂದರೆ. ಎರಡಕ್ಕೂ ಪರಿಹಾರ ಬೇರೆಯಾದ್ದರಿಂದ ಒಂದೇ ಅಂಕಿಯಲ್ಲಿ ಸೇರಿಸಬೇಡಿ.

ಹಂತ 6: ಈಗ ರೋಗಿಯನ್ನು ಕೇಳಿ

ನೋಂದಣಿಯಲ್ಲಿ ಸಿಕ್ಕ ಮಾಹಿತಿ, ಕಾದ ಸಮಯ, ಸಿಬ್ಬಂದಿಯ ನಡವಳಿಕೆ, ಶೌಚಾಲಯದ ಸ್ವಚ್ಛತೆ, ವೈದ್ಯರು ಕೊಟ್ಟ ಸಮಯ, ಪರೀಕ್ಷೆ ಮತ್ತು ಔಷಧಗಳ ಲಭ್ಯತೆ ಮೊದಲಾದವುಗಳಿಗೆ ಐದು ದರ್ಜೆಗಳಲ್ಲಿ ಉತ್ತರ ಪಡೆಯುವ ನಮೂನೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ನಮೂನೆ ಚೆನ್ನಾಗಿಯೇ ಇದೆ; ಸೋಲುವುದು ಅದನ್ನು ತುಂಬಿಸುವ ರೀತಿಯಲ್ಲಿ. ಬಿಳಿ ಕೋಟು ತೊಟ್ಟವರು ಎದುರಿಗೆ ನಿಂತು ‘ನಮ್ಮ ಸೇವೆ ಹೇಗಿತ್ತಮ್ಮಾ?’ ಎಂದು ಕೇಳಿದರೆ, ಮುಂದಿನ ತಿಂಗಳೂ ಅಲ್ಲಿಗೇ ಬರಬೇಕಾದವರು ‘ಚೆನ್ನಾಗಿತ್ತು ಸ್ವಾಮಿ’ ಎಂದೇ ಹೇಳುತ್ತಾರೆ. ಖಾಸಗಿ ಆಸ್ಪತ್ರೆಯ ಬಿಲ್ಲಿನ ಭಯದಿಂದ ಬಂದವರಿಗೆ ಔಷಧ ಸಿಕ್ಕಿದ್ದೇ ದೊಡ್ಡದು. ಅವರ ಕೃತಜ್ಞತೆಯನ್ನು ನಮ್ಮ ಗುಣಮಟ್ಟವೆಂದು ಬರೆದುಕೊಳ್ಳುವುದು ಸರಿಯಲ್ಲ.

ಆದ್ದರಿಂದ ಕೇಳುವವರು ಆ ವಿಭಾಗದವರಾಗಿರಬಾರದು. ಸಮಾಜಕಾರ್ಯ ಅಥವಾ ಶುಶ್ರೂಷಾ ವಿದ್ಯಾರ್ಥಿಗಳು, ಸ್ವಸಹಾಯ ಸಂಘದ ಸದಸ್ಯರು, ಆರೋಗ್ಯ ರಕ್ಷಾ ಸಮಿತಿಯ ಅಧಿಕಾರೇತರ ಸದಸ್ಯರು ಆಗಬಹುದು. ಆವರಣದ ಹೊರಬಾಗಿಲ ಬಳಿ, ಔಷಧ ಪಡೆದ ಮೇಲೆ, ಹೆಸರು ಕೇಳದೆ ಮಾತನಾಡಿಸಿ. ತಿಂಗಳಿಗೆ ಕನಿಷ್ಠ 30 ಜನರಿರಲಿ. ಅವರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಕೆಲವರಾದರೂ ಅರವತ್ತು ದಾಟಿದವರು ಮತ್ತು ಅಂಗವೈಕಲ್ಯವಿರುವವರು ಇರುವಂತೆ ನೋಡಿಕೊಳ್ಳಿ. ಅಭಿಪ್ರಾಯಕ್ಕಿಂತ ನಡೆದದ್ದನ್ನು ಕೇಳಿ. ‘ವೈದ್ಯರ ವರ್ತನೆ ತೃಪ್ತಿಕರವೇ’ ಎಂಬುದಕ್ಕಿಂತ ‘ನಿಮಗೆ ಏನು ಕಾಯಿಲೆ ಅಂತ ಹೇಳಿದರಾ?’, ‘ಮುಟ್ಟಿ ಪರೀಕ್ಷೆ ಮಾಡಿದರಾ?’, ‘ಇವತ್ತು ಯಾರಾದರೂ ಗದರಿದರಾ?’, ‘ಯಾರಿಗಾದರೂ ದುಡ್ಡು ಕೊಡಬೇಕಾಯಿತಾ?’, ‘ಶೌಚಾಲಯಕ್ಕೆ ಹೋಗಲು ಆಯಿತಾ?’ ಎಂಬ ಪ್ರಶ್ನೆಗಳು ಹೆಚ್ಚು ನಿಜವನ್ನು ತರುತ್ತವೆ. ಫಲಿತಾಂಶ ಬರೆಯುವಾಗ ಸರಾಸರಿ ಅಂಕದ ಜೊತೆಗೆ ಕೆಳಗಿನ ಎರಡು ದರ್ಜೆ ಕೊಟ್ಟವರು ನೂರಕ್ಕೆ ಎಷ್ಟು ಎಂಬುದನ್ನೂ ಬರೆಯಿರಿ.

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ ‘ಮೇರಾ ಅಸ್ಪತಾಲ್’ ವ್ಯವಸ್ಥೆ ಎಸ್‌ಎಂಎಸ್, ದೂರವಾಣಿ ಕರೆ, ಜಾಲತಾಣ ಮತ್ತು ಆ್ಯಪ್ ಮೂಲಕ ರೋಗಿಗಳ ಅಭಿಪ್ರಾಯವನ್ನು ನೇರವಾಗಿ ಪಡೆಯುತ್ತದೆ. ನಿಮ್ಮ ಆಸ್ಪತ್ರೆ ಅದಕ್ಕೆ ಸೇರಿದ್ದರೆ ಅಲ್ಲಿನ ಅಸಮಾಧಾನದ ಕಾರಣಗಳನ್ನು ನಿಮ್ಮ ಹೊರಬಾಗಿಲ ಸಮೀಕ್ಷೆಯೊಂದಿಗೆ ಹೋಲಿಸಿ. ನೋಂದಣಿಯಲ್ಲಿ ಸರಿಯಾದ ಮೊಬೈಲ್ ಸಂಖ್ಯೆ ಬರೆಯದಿದ್ದರೆ ಈ ಕರೆಗಳು ಯಾರಿಗೂ ತಲುಪುವುದಿಲ್ಲ ಎಂಬುದನ್ನು ನೋಂದಣಿ ಸಿಬ್ಬಂದಿಗೆ ಮನವರಿಕೆ ಮಾಡಿ.

ಹಂತ 7: ಸ್ವಚ್ಛತೆ

2015ರಿಂದ ನಡೆಯುತ್ತಿರುವ ‘ಕಾಯಕಲ್ಪ’ ಪ್ರಶಸ್ತಿ ಯೋಜನೆಯ ಪರಿಣಾಮವಾಗಿ ಈ ವಿಷಯ ಬಹಳಷ್ಟು ಆಸ್ಪತ್ರೆಗಳಿಗೆ ಪರಿಚಿತವೇ ಆಗಿದೆ. ಹೊರರೋಗಿ ವಿಭಾಗದಲ್ಲಿ ಮೂರನ್ನು ಮಾತ್ರ ಬಿಡದೆ ನೋಡಿ: ಪ್ರತಿ ಪರೀಕ್ಷಾ ಕೊಠಡಿಯಲ್ಲಿ ಕೈತೊಳೆಯಲು ನೀರು ಮತ್ತು ಸಾಬೂನು, ಚುಚ್ಚುಮದ್ದು ಮತ್ತು ಡ್ರೆಸ್ಸಿಂಗ್ ಕೊಠಡಿಯಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳಲ್ಲಿ ವಿಂಗಡಣೆ, ಮತ್ತು 11 ಗಂಟೆಯ ಹೊತ್ತಿನ ಶೌಚಾಲಯ. ಬೆಳಿಗ್ಗೆ 8ಕ್ಕೆ ತೊಳೆದ ಶೌಚಾಲಯ ಜನದಟ್ಟಣೆಯ ನಡುವೆ ಹೇಗಿದೆ ಎಂಬುದೇ ಅದರ ನಿಜವಾದ ಅಂಕ.

ಹಂತ 8: ಕಂಡದ್ದನ್ನು ಮೇಜಿನ ಮೇಲಿಡಿ

ಅಳೆದ ಎಲ್ಲವನ್ನೂ ಒಂದೇ ಬಾರಿಗೆ ಸರಿಪಡಿಸಲು ಹೊರಡಬೇಡಿ. ರೋಗಿಗಳಿಗೆ ಹೆಚ್ಚು ತೊಂದರೆ ಕೊಡುತ್ತಿರುವ, ಆಸ್ಪತ್ರೆಯ ಕೈಯಲ್ಲಿಯೇ ಇರುವ ಎರಡನ್ನು ಆರಿಸಿ, ಹೊಣೆ ಯಾರದು, ಯಾವ ದಿನಾಂಕದೊಳಗೆ ಎಂದು ಹೆಸರು ಸಹಿತ ನಡಾವಳಿಯಲ್ಲಿ ಬರೆಯಿರಿ. ಮೂರು ತಿಂಗಳ ಬಳಿಕ ಅದೇ ಐದು ಸಾಲಿನ ಕಾಗದದಿಂದ, ಅದೇ ಸಂತೆಯ ದಿನ ಮತ್ತೆ ಅಳೆಯಿರಿ. ಕಾಯುವ ಸಮಯ ಇಳಿದಿದ್ದರೆ ಆ ಅಂಕಿಯನ್ನು ಹೊರರೋಗಿ ವಿಭಾಗದ ಫಲಕದಲ್ಲಿ ಕನ್ನಡದಲ್ಲಿ ಹಾಕಿ. ಇಳಿಯದಿದ್ದರೂ ಹಾಕಿ, ಮುಂದೆ ಏನು ಮಾಡುತ್ತೀರಿ ಎಂಬುದರ ಜೊತೆಗೆ.

ದೂರುಗಳಿಗೆ ಉತ್ತರಿಸುವ ಪದ್ಧತಿಯನ್ನೂ ಇದಕ್ಕೇ ಜೋಡಿಸಿ. ಸಲಹಾ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ನಿಗದಿತ ದಿನ ಸಮಿತಿಯ ಅಧಿಕಾರೇತರ ಸದಸ್ಯರ ಎದುರು ತೆರೆಯಿರಿ, ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಸಹಾಯ ಕೇಂದ್ರದಲ್ಲಿ ಬರೆದುಕೊಳ್ಳುವ ಪುಸ್ತಕ ಇಡಿ, 104 ಆರೋಗ್ಯ ಸಹಾಯವಾಣಿಯ ಸಂಖ್ಯೆಯನ್ನು ಔಷಧದ ಕಿಟಕಿಯ ಬಳಿ ದೊಡ್ಡದಾಗಿ ಬರೆಸಿ. ದೂರವಾಣಿ ಸಂಖ್ಯೆ ಕೊಟ್ಟವರಿಗೆ ಏನು ಕ್ರಮ ಆಯಿತೆಂದು ಕರೆಮಾಡಿ ತಿಳಿಸಿ.

ಖಾಲಿ ಹುದ್ದೆ, ಸಾಲದ ಕೊಠಡಿ, ತಿಂಗಳುಗಟ್ಟಲೆ ಬಾರದ ಔಷಧ, ಇವು ಆಸ್ಪತ್ರೆಯ ಕೈ ಮೀರಿದವು. ಅವುಗಳಿಗಾಗಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ ಪತ್ರ ಬರೆಯುವಾಗ ‘ರೋಗಿಗಳಿಗೆ ತೊಂದರೆಯಾಗುತ್ತಿದೆ’ ಎಂದು ಬರೆದು ಮುಗಿಸಬೇಡಿ. ಒಬ್ಬ ವೈದ್ಯರಿಗೆ ದಿನಕ್ಕೆ ಎಷ್ಟು ರೋಗಿಗಳು, ಒಬ್ಬ ರೋಗಿಗೆ ಎಷ್ಟು ಸೆಕೆಂಡು, ಯಾವ ಔಷಧವಿಲ್ಲದೆ ಆ ತಿಂಗಳು ಎಷ್ಟು ಜನ ಬರಿಗೈಯಲ್ಲಿ ಹೋದರು ಎಂಬ ಲೆಕ್ಕವನ್ನು ಕಾಗದಗಳ ಸಮೇತ ಲಗತ್ತಿಸಿ, ಆರೋಗ್ಯ ರಕ್ಷಾ ಸಮಿತಿಯ ನಿರ್ಣಯವನ್ನೂ ಸೇರಿಸಿ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಿ. ಮುಂದಿನ ಸಭೆಯ ಮೊದಲ ವಿಷಯವಾಗಿ ಅದಕ್ಕೆ ಬಂದ ಉತ್ತರವನ್ನು ಓದಿಸಿ.